ಬಂಪರಿಗೆ ನಾಲ್ಕು ದೀಪ

ಸುಂಕದಕಟ್ಟೆಯಿಂದ ಕಾಮಾಕ್ಷಿಪಾಳ್ಯದವರೆಗೆ, ಮಾಗಡಿ ರಸ್ತೆಯ ಎರಡೂ ಬದಿಯಲ್ಲಿ, ನನ್ನಷ್ಟು ಜನರನ್ನು ಪೆದ್ದು ಮಾಡಿದ ಆಟೋ ಎಲೆಕ್ಟ್ರಿಷಿಯನ್ ಇನ್ನೊಬ್ಬ ಇರಲಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಬ್ರೇಕ್ ತುಳಿದಾಗಲೆಲ್ಲ ಹಾರ್ನ್ ಬಡಿದುಕೊಳ್ಳುವ ಹಾಗೆ ವೈರ್ ಅದಲುಬದಲು ಮಾಡಿ ಒಬ್ಬ ಟೆಂಪೋದವನನ್ನು ವಿಜಯನಗರಕ್ಕೆ ಕಳಿಸಿದ್ದೆ. ಅವನು ಪ್ರತಿ ಸಿಗ್ನಲ್ಲಿನಲ್ಲೂ ಬೈಸಿಕೊಂಡು ಹೋಗಿ, ನನ್ನನ್ನು ಬೈಯುತ್ತಾ ವಾಪಸ್ ಬಂದು, ಕೊನೆಗೆ ತಾನೇ ನಗುತ್ತಾ ಟೀ ಕುಡಿಸಿದ. ನನ್ನ ಕೀಟಲೆಗೆ ಸಿಕ್ಕವರೆಲ್ಲ ನನ್ನ ಗಿರಾಕಿಗಳಾಗಿಯೇ ಉಳಿದರು. ಕೈಕೆಲಸ ಅಷ್ಟು ಚೆನ್ನಾಗಿತ್ತು. ಈಗ ಎಪ್ಪತ್ತು ದಾಟಿದೆ. ಕೈ ನಡುಗುತ್ತದೆ, ಬಾಯಿ ಇನ್ನೂ ನಡುಗುವುದಿಲ್ಲ.

ಆದರೆ ಇಲ್ಲಿ ಬರೆಯುತ್ತಿರುವುದು ನನ್ನ ಗೆಳೆಯನ ಕಣ್ಣಿನ ವಿಚಾರ. ಅವನ ಲಾರಿಯ ಬಂಪರಿಗೆ ಮಂಜಿನ ದೀಪ ಆಯ್ದು ಕೊಟ್ಟವನು ನಾನು. ಆಯ್ದ ದಿನ ಅವನಿಗೆ ಇನ್ನೂ ಅಷ್ಟಿಷ್ಟು ದೃಷ್ಟಿ ಉಳಿದಿತ್ತು, ಅದನ್ನು ಉಳಿಸಿಕೊಳ್ಳುವ ದಾರಿಯೂ ಇತ್ತು.

ಮೊದಲು ನನ್ನ ಒಂದು ಹಳೆಯ ಆಟದ ಬಗ್ಗೆ ಹೇಳಬೇಕು. ಯಾರಾದರೂ ಗಾಡಿಗೆ ಎಕ್ಸ್‌ಟ್ರಾ ಲೈಟ್ ಹಾಕಿಸಲು ಬಂದರೆ ಅಂಗಡಿಯ ಮುಂದೆ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಹಲಗೆಗೆ ಬಿಗಿದ ಎರಡು ದೀಪಗಳನ್ನು ಇಡುತ್ತಿದ್ದೆ. ಮೊದಲ ಸಲ ನಿಜವಾಗಿ ಹಚ್ಚಿ ತೋರಿಸುತ್ತಿದ್ದೆ. ಆಮೇಲೆ ಮೇಜಿನ ಕೆಳಗೆ ಬ್ಯಾಟರಿಯ ವೈರ್ ಮೆಲ್ಲಗೆ ಕಿತ್ತು, ಬರೀ ಸ್ವಿಚ್ಚನ್ನು ಟಕ್ ಅನ್ನಿಸಿ ಕೇಳುತ್ತಿದ್ದೆ:

'ಈಗ ಎಡಗಡೆದು ಸಾರ್. ಈಗ ನೋಡಿ, ಬಲಗಡೆದು. ಯಾವ್ದು ಚೆನ್ನಾಗಿದೆ?'

ಎರಡೂ ಹತ್ತಿರುವುದಿಲ್ಲ. ಬಿಸಿಲು ಬಿದ್ದ ಗಾಜು ತನ್ನಷ್ಟಕ್ಕೆ ಹೊಳೆಯುತ್ತಿರುತ್ತದೆ, ಅಷ್ಟೆ. ಆದರೂ ಗಿರಾಕಿ ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, ದೊಡ್ಡ ಇಂಜಿನಿಯರನ ಹಾಗೆ ಯೋಚಿಸಿ 'ಬಲಗಡೆದೇ' ಅನ್ನುತ್ತಿದ್ದ. ಯಾಕೋ ಎಲ್ಲರಿಗೂ ಬಲಗಡೆಯದೇ ಬೇಕು. ಆಗ ನಾನು ಕಿತ್ತ ವೈರನ್ನು ಎತ್ತಿ ತೋರಿಸುತ್ತಿದ್ದೆ. ಪಂಕ್ಚರ್ ಅಂಗಡಿಯವರು, ಟೀ ಅಂಗಡಿಯವರು ಎಲ್ಲ ಕೂತಲ್ಲೇ ನಗುತ್ತಿದ್ದರು. ಮೋಸ ಹೋಗದ ಗಿರಾಕಿಗಳು ಅಪರೂಪ. ಅಂಥವರು ಸ್ವಿಚ್ ಟಕ್ ಅಂದ ಕೂಡಲೇ 'ಸ್ವಿಚ್ ಹಾಕೋ ಕಳ್ಳ' ಅಂದುಬಿಡುತ್ತಿದ್ದರು. ಹಾಗೆ ಅಂದವರಿಗೆ ನಾನೇ ಟೀ ಕೊಡಿಸುತ್ತಿದ್ದೆ.

ಈ ಆಟಕ್ಕೆ ನನಗೊಬ್ಬ ಜೊತೆಗಾರನಿದ್ದ. ಅವನೇ ಈ ಗೆಳೆಯ. ಗಿರಾಕಿಯ ಪಕ್ಕದಲ್ಲಿ ದಾರಿಹೋಕನ ಹಾಗೆ ನಿಂತು, 'ಅಬ್ಬಾ, ಬಲಗಡೆದು ಏನ್ ಬೆಳಕು ಅಣ್ಣ, ಕಣ್ಣೇ ಕುಕ್ತದೆ' ಎಂದು ಗಾಳಿ ಹಾಕುವುದು ಅವನ ಕೆಲಸ. ಮುಖದ ಒಂದು ನರವೂ ಅಲುಗುತ್ತಿರಲಿಲ್ಲ. ನನಗಿಂತ ದೊಡ್ಡ ಕಳ್ಳ.

ಅವನದು ಹೆಗ್ಗನಹಳ್ಳಿಯ ಹಳೇ ಒಕ್ಕಲುತನದ ಮನೆ. ಅಪ್ಪ ರಾಗಿ ಬೆಳೆದ ಹೊಲದಲ್ಲಿ ಅಗರಬತ್ತಿ ಗೋಡೌನುಗಳು ಎದ್ದಿದ್ದವು. ಬಾಡಿಗೆಯಲ್ಲಿ ಕೂತು ಉಣ್ಣಬಹುದಿತ್ತು, ಅಣ್ಣತಮ್ಮಂದಿರು ಹಾಗೇ ಉಣ್ಣುತ್ತಿದ್ದರು. ಇವನು ಮಾತ್ರ ಒಂದು ಲಾರಿ ಇಟ್ಟುಕೊಂಡು ಅದೇ ಗೋಡೌನಿನ ಅಗರಬತ್ತಿ ಪೆಟ್ಟಿಗೆಗಳನ್ನು ಮಂಗಳೂರಿಗೆ ಸಾಗಿಸುತ್ತಿದ್ದ. ತಾನೇ ಓಡಿಸುತ್ತಿದ್ದ, ಒಬ್ಬನೇ ಓಡಿಸುತ್ತಿದ್ದ. ಸ್ಟೀರಿಂಗ್ ಹಿಡಿಯದ ದಿನ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಲಾರಿಯೊಳಗೆ ಸದಾ ಗಂಧ, ಮಲ್ಲಿಗೆ, ಸಾಂಬ್ರಾಣಿಯ ವಾಸನೆ. 'ನಡೆಯೋ ದೇವರ ಕೋಣೆ ಬಂತು' ಎಂದು ನಾನು ರೇಗಿಸುತ್ತಿದ್ದೆ.

ಎರಡು ಸಾವಿರದ ಒಂಬತ್ತನೇ ಇಸವಿ ಇರಬೇಕು. ಎಲ್‌ಇಡಿ ದೀಪಗಳು ನಮ್ಮ ಕಡೆ ಆಗತಾನೇ ಕಾಣಿಸಿಕೊಂಡಿದ್ದವು. ಅಂಗೈಯಗಲದ ಕರಿ ಡಬ್ಬಿ, ಅದರಲ್ಲಿ ಒಂಬತ್ತು ಮಣಿ. ಹಚ್ಚಿದರೆ ಹಾಲಿನಂಥ ಬೆಳಕು. ಎಸ್.ಪಿ. ರೋಡಿನಿಂದ ಎರಡು ತಂದು ಶೋಕಿಗೆ ಅಂಗಡಿಯಲ್ಲಿ ನೇತು ಹಾಕಿದ್ದೆ. ಹಳೇ ಹ್ಯಾಲೊಜೆನ್ ಎದುರು ಕೈ ಹಿಡಿದರೆ ಒಲೆ ಹತ್ತಿರ ಕೂತ ಹಾಗೆ ಬಿಸಿ, ಇದರ ಎದುರು ಹಿಡಿದರೆ ಏನೂ ಇಲ್ಲ, ತಣ್ಣಗೆ. ಜನ ಅದನ್ನೇ ಮುಟ್ಟಿ ಮುಟ್ಟಿ ಆಶ್ಚರ್ಯಪಡುತ್ತಿದ್ದರು.

ಗೆಳೆಯ ಒಂದು ಬೆಳಿಗ್ಗೆ ಲಾರಿ ತಂದು ನಿಲ್ಲಿಸಿದ. ಎಡಗಡೆ ಕನ್ನಡಿ ಇರಲಿಲ್ಲ, ಬರೀ ಕಡ್ಡಿ ಇತ್ತು. ಬಂಪರಿನ ಎಡ ಮೂಲೆ ಜಜ್ಜಿತ್ತು.

'ಏನೋ ಇದು, ಯಾರಿಗೆ ಮುತ್ತು ಕೊಟ್ಟೆ?'

'ಶಿರಾಡಿಲಿ ಮಂಜು ಕಣೋ. ಕಲ್ಲು ಕಾಣ್ಲಿಲ್ಲ. ಲೈಟ್ ಹಾಕ್ಕೊಡು. ನಿನ್ ಹತ್ರ ಇರೋದ್ರಲ್ಲಿ ಎಲ್ಲಕ್ಕಿಂತ ಜಾಸ್ತಿ ಬೆಳಕಿಂದು ಹಾಕು.'

'ಜಾಸ್ತಿ ಬೆಳಕು ಮಂಜಿಗೆ ಆಗಲ್ಲ ಮಗಾ. ಬಿಳೀದು ಹಾಕಿದ್ರೆ ಮಂಜೇ ಗೋಡೆ ಆಗಿ ನಿನ್ ಮುಖಕ್ಕೆ ವಾಪಸ್ ಹೊಡೀತದೆ. ಹಳದಿ ಹಾಕ್ಬೇಕು. ಅದೂ ಬಂಪರ್ ಕೆಳಗೆ, ನೆಲ ಮುಟ್ಟೋ ಹಾಗೆ.'

'ಹಳದಿ ಮಂಕು.'

'ಮಂಕು ನೀನು.'

ವಾದ ಮುಗಿಯಲಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಇವತ್ತಿಗೂ ಹೇಳುತ್ತೇನೆ, ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಮಂಜು ತಯಾರಿಸಿದವನು ನಾನೊಬ್ಬನೇ. ಅವನು ಲೋಡು ತುಂಬುವ ಗೋಡೌನಿಗೇ ಹೋದೆವು. ಲಾರಿಯ ಮೂತಿಯನ್ನು ಶಟರಿನೊಳಗೆ ನುಗ್ಗಿಸಿ, ಅಕ್ಕಪಕ್ಕದ ಸಂದಿಗೆ ಟಾರ್ಪಾಲ್ ಇಳಿಬಿಟ್ಟು, ಕಿಟಕಿಗೆಲ್ಲ ಗೋಣಿ ಹೊದೆಸಿದೆ. ಮುರಿದ, ಸೊಟ್ಟಗಾದ ಅಗರಬತ್ತಿಗಳ ರಾಶಿ ಅಲ್ಲಿ ಯಾವಾಗಲೂ ಇರುತ್ತಿತ್ತು. ನಾಲ್ಕು ಕಬ್ಬಿಣದ ಬಾಣಲಿಗೆ ಅದನ್ನು ತುಂಬಿ ಬೆಂಕಿ ತೋರಿಸಿದೆ. ಕಾಲು ಗಂಟೆಯಲ್ಲಿ ಒಳಗೆಲ್ಲ ದಟ್ಟ ಬಿಳಿ ಹೊಗೆ. ಮಲ್ಲಿಗೆ ವಾಸನೆಯ ಶಿರಾಡಿ ಘಾಟು!

ಗೋಡೌನಿನ ಮೇಲ್ವಿಚಾರಕಿ ಹುಬ್ಬಳ್ಳಿ ಕಡೆಯ ಹೆಂಗಸು. ಲೋಡನ್ನು ಯಾರಿಗೆ ಕೊಡಬೇಕು ಎಂದು ಮಾಲೀಕರಿಗೆ ಹೇಳುವವಳು ಅವಳೇ. ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು.

'ಏನ್ರೀ ಅಣ್ಣಾರ, ನಮ್ಮನ್ನೆಲ್ಲಾ ಸುಟ್ಟ ಹಾಕ್ತೀರೇನು?'

'ಇಲ್ಲಮ್ಮ, ಇವ್ನಿಗೆ ಕಣ್ಣಿನ ಪರೀಕ್ಷೆ' ಎಂದೆ. ತಮಾಷೆಗೆ ಅಂದ ಮಾತು. ಕ್ಯಾಬಿನ್ನಿನಲ್ಲಿ ಕೂತಿದ್ದ ಅವನು ನಗಲಿಲ್ಲ.

ಹೆಡ್‌ಲೈಟ್ ಹಚ್ಚಿಸಿದೆ. ಹೊಗೆಯ ನಡುವೆ ಒಂದು ಬಿಳಿ ಗೂಡಾಯಿತು, ಅಕ್ಕಪಕ್ಕದಲ್ಲಿ ಜೋಡಿಸಿದ್ದ ಪೆಟ್ಟಿಗೆಗಳೆಲ್ಲ ಕತ್ತಲು. ಬಂಪರಿಗೆ ಹಗ್ಗದಲ್ಲಿ ಕಟ್ಟಿದ್ದ ಹಳದಿ ಹ್ಯಾಲೊಜೆನ್ ಹಚ್ಚಿದೆ. ನೆಲ ಚಾಪೆ ಹಾಸಿದ ಹಾಗೆ ದೂರದವರೆಗೆ ಕಂಡಿತು. 'ಪರವಾಗಿಲ್ಲ' ಎಂದ. ಆಮೇಲೆ ಎರಡು ಎಲ್‌ಇಡಿಗಳನ್ನು ಎಡಕ್ಕೊಂದು ಬಲಕ್ಕೊಂದು ತಿರುಗಿಸಿ ಹಚ್ಚಿದೆ. ಪೆಟ್ಟಿಗೆಗಳ ಮೇಲಿನ ಅಕ್ಷರ ಸಮೇತ ಪಕ್ಕವೆಲ್ಲ ಬೆಳಗಿತು. ಮೇಲ್ವಿಚಾರಕಿ ಎಡಗಡೆ ರಾಶಿಗೆ ಒರಗಿ ನಿಂತಿದ್ದು ಸ್ಪಷ್ಟವಾಗಿ ಕಂಡಿತು.

'ಹೆಂಗಿದೆ?'

'ಹ್ಞೂಂ' ಎಂದ.

ಅಷ್ಟು ಹೊಗೆ ಎಬ್ಬಿಸಿ, ಅಷ್ಟು ಶ್ರಮಪಟ್ಟ ನನಗೆ ಬರೀ ಒಂದು ಹ್ಞೂಂ! ಕೈ ತುರಿಸಿತು. ಎಲ್‌ಇಡಿಯ ವೈರ್ ಕಿತ್ತೆ. ಪಕ್ಕಗಳೆರಡೂ ಮತ್ತೆ ಕತ್ತಲಾದವು. ಸ್ವಿಚ್ ಮಾತ್ರ ಟಕ್ ಅನ್ನಿಸಿ ಕೂಗಿದೆ: 'ಈಗ ಎಡಗಡೆದು ಫುಲ್ ಬಿಟ್ಟಿದೀನಿ ನೋಡು. ಹೆಂಗಿದೆ ಗುರು?'

ಅವನು 'ಸ್ವಿಚ್ ಹಾಕೋ ಕಳ್ಳ' ಅನ್ನುತ್ತಾನೆ, ಇಬ್ಬರೂ ನಗುತ್ತೇವೆ, ಟೀ ಕುಡಿಯುತ್ತೇವೆ. ಅಷ್ಟೇ ನನ್ನ ಲೆಕ್ಕ.

'ಇದು! ಇದಪ್ಪಾ ಲೈಟ್ ಅಂದ್ರೆ!' ಎಂದ ಅವನು. ಸ್ಟೀರಿಂಗ್ ಮೇಲೆ ಕೈ ಬಡಿದ. 'ಎಡಗಡೆ ಎಲ್ಲಾ ಕ್ಲಿಯರ್ ಕಣೋ. ಇದೇ ಹಾಕು.'

ಹೊಗೆಯಲ್ಲಿ ಕೆಮ್ಮುತ್ತಿದ್ದ ಕೆಲಸದವರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವನು ನಾನು, ಎಲ್ಲರಿಗಿಂತ ಮೊದಲು ನಿಲ್ಲಿಸಿದವನೂ ನಾನು. ಬಿಸಿಲಿನಲ್ಲಿ ಆ ಆಟಕ್ಕೆ ಯಾರು ಬೇಕಾದರೂ ಬೀಳಬಹುದು. ಕತ್ತಲಲ್ಲಿ ಬೀಳಲು ಸಾಧ್ಯವಿಲ್ಲ. ಅದೂ ಇವನು, ಹತ್ತು ವರ್ಷ ನನ್ನ ಪಕ್ಕದಲ್ಲಿ ನಿಂತು ಆ ಆಟ ಆಡಿದವನು.

ಎಡಗಡೆ ರಾಶಿಯಿಂದ ಮೇಲ್ವಿಚಾರಕಿ ಕೈ ಬೀಸುತ್ತಾ ಎರಡು ಹೆಜ್ಜೆ ಮುಂದೆ ಬಂದಳು. 'ಅಣ್ಣಾರ, ನಾ ಇಲ್ಲೇ ನಿಂತೀನ್ರಿ. ಲೈಟ್ ಹತ್ತೇ ಇಲ್ಲ, ಕತ್ಲಾಗೈತಿ. ನಿಮಗ ಏನ್ ಕ್ಲಿಯರ್ ಕಂಡೈತಿ?'

ಅವನು ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಅವಳನ್ನು ಹುಡುಕಿದ. ಕೋಳಿ ತಿರುಗಿಸಿದ ಹಾಗೆ, ಇಡೀ ಕತ್ತು. ಹುಡುಕಿ ಸಿಕ್ಕ ಮೇಲೆ ನಕ್ಕ. 'ನಿಮ್ಮನ್ನ ನಗ್ಸೋಕೆ ಅಂದೆ ಅಕ್ಕಾ. ಇವ್ನ ಆಟ ನಂಗೊತ್ತಿಲ್ವಾ?'

ಅವಳು ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳಬೇಕಿತ್ತು. 'ಹ್ಞೂಂ, ಇಬ್ರೂ ಸೇರಿ ನಿಮ್ಮನ್ನ ಮಂಗ ಮಾಡಿದ್ವಿ' ಎಂದುಬಿಟ್ಟೆ.

ಟೀ ಅಂಗಡಿಯಲ್ಲಿ ಗ್ಲಾಸ್ ಅವನ ಕೈಯಲ್ಲಿ ಹಾಗೇ ಆರಿತು.

'ಎಷ್ಟು ದಿನದಿಂದ?' ಎಂದೆ.

'ಎರಡು ವರ್ಷ. ಪಕ್ಕ ಕಾಣಲ್ಲ ಕಣೋ. ಮುಂದೆ ಕಾಣ್ತದೆ, ಕೊಳವೆಲಿ ನೋಡಿದಂಗೆ. ದೀಪ ನೋಡಿದ್ರೆ ಸುತ್ತ ಬಳೆ ಬಳೆ.'

'ಡಾಕ್ಟ್ರು?'

ಬಸವೇಶ್ವರನಗರದ ಒಂದು ಕಣ್ಣಿನ ಕ್ಲಿನಿಕ್ಕಿಗೆ ಹೆಂಡತಿಯ ಜೊತೆ ಹೋಗಿದ್ದನಂತೆ. ಕಣ್ಣಿನೊಳಗೆ ಒತ್ತಡ ಜಾಸ್ತಿ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಬಹುದು. ದಿನಾ ಎರಡು ಹೊತ್ತು ಡ್ರಾಪ್ಸ್, ಒಂದು ದಿನವೂ ತಪ್ಪಿಸಬಾರದು, ಲಾರಿಯನ್ನಂತೂ ಮುಟ್ಟಲೇಬಾರದು ಎಂದರಂತೆ ಡಾಕ್ಟರು.

'ಹಾಕ್ತಿದೀಯಾ?'

'ಹಾಕಿದ್ರೆ ಉರಿ. ಒಂದು ಗಂಟೆ ಮಬ್ಬು. ಓಡ್ಸೋ ದಿನ ಬಿಡ್ತೀನಿ.'

'ನೀನು ಓಡ್ಸದೇ ಇರೋ ದಿನ ಯಾವ್ದಪ್ಪಾ?'

ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಬಿಗಿಯಾಗಿ. 'ಗೋಡೌನಲ್ಲಿ ಹೇಳ್ಬೇಡ ಕಣೋ. ಹೇಳಿದ್ರೆ ನಾಳೆಯಿಂದ ಮನೇಲಿ ಕೂರ್ಬೇಕು. ಕೂತ್ರೆ ಸತ್ತೋಗ್ತೀನಿ. ಒಳ್ಳೇ ಲೈಟ್ ಹಾಕ್ಕೊಡು, ಸಾಕು. ನೀನು ಮನಸ್ಸು ಮಾಡಿದ್ರೆ ಆಗಲ್ವಾ?'

ನೀನು ಮನಸ್ಸು ಮಾಡಿದರೆ ಆಗುವುದಿಲ್ಲವಾ! ಅಲ್ಲಿ ಬಿದ್ದೆ ನಾನು. ಊರಿಗೆಲ್ಲ ಬಲೆ ಹಾಕಿದವನು ಆ ಒಂದು ಮಾತಿಗೆ ಸಿಕ್ಕಿಬಿದ್ದೆ. ಮೂವತ್ತು ವರ್ಷ ವೈರ್ ಹಿಡಿದವನ ತಲೆ ಒಂದೇ ದಾರಿಯಲ್ಲಿ ಓಡುತ್ತದೆ. ಕತ್ತಲು ಅಂದರೆ ಅಲ್ಲಿಗೆ ಕರೆಂಟು ತಲುಪಿಲ್ಲ, ತಲುಪಿಸಿದರೆ ಸರಿಹೋಗುತ್ತದೆ. ಕಣ್ಣನ್ನೂ ನಾನು ಹಾಗೇ ಲೆಕ್ಕ ಹಾಕಿದೆ. ಪಕ್ಕ ಕಾಣುವುದಿಲ್ಲವಾ? ಪಕ್ಕಕ್ಕೆ ದೀಪ ಹಾಕಿದರಾಯಿತು.

ಮೂರು ದಿನ ಆ ಲಾರಿಯ ಮೇಲೆ ಕೂತೆ. ಅಂಥ ಕೆಲಸ ನಾನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಬಂಪರ್ ಕೆಳಗೆ ಎರಡು ಹಳದಿ ಹ್ಯಾಲೊಜೆನ್, ನೆಲಕ್ಕೆ ಬಾಗಿದ ಹಾಗೆ. ಎರಡು ತುದಿಗೆ ಎರಡು ಎಲ್‌ಇಡಿ. ಅಂಗಡಿ ಎದುರಿನ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎಡಗಡೆಯದನ್ನು ಒಂದಿಷ್ಟು ಹೆಚ್ಚು ಹೊರಕ್ಕೆ ತಿರುಗಿಸಿದೆ. ಎಲ್ಲಕ್ಕೂ ರಿಲೇ, ದಪ್ಪ ತಾಮ್ರದ ವೈರು, ಒಂದೊಂದಕ್ಕೂ ಫ್ಯೂಸು. ಪಕ್ಕದ ದೀಪಗಳಿಗೆ ಬೇರೆ ಸ್ವಿಚ್ಚು, ಗೇರಿನ ಈಚೆಗೆ. ಮುಗಿಸಿ ಎದ್ದು ನಿಂತು, 'ನಿಂಗೆ ಎರಡು ಎಕ್ಸ್‌ಟ್ರಾ ಕಣ್ಣು ಕೊಟ್ಟಿದೀನಿ ಹೋಗು' ಎಂದೆ. ಬರೀ ಬಾಯಿಮಾತಲ್ಲ, ನಂಬಿಯೇ ಅಂದೆ.

'ಡ್ರಾಪ್ಸ್ ಮರೀಬೇಡ. ಈ ಒಂದು ಲೋಡ್ ಮುಗ್ಸಿ ಡಾಕ್ಟ್ರ ಹತ್ರ ಹೋಗೋಣ.'

'ಹ್ಞೂಂ ಕಣೋ.'

ಆ ಒಂದು ಲೋಡು ಮುಗಿಯಲೇ ಇಲ್ಲ. ವಾರಕ್ಕೆರಡು ಸಲ ಹೋಗಿ ಬರುತ್ತಿದ್ದ. ಎದುರಿನಿಂದ ಬರುವವರು ಆ ಬಿಳಿ ಬೆಳಕಿಗೆ ಅಮ್ಮ ಅಕ್ಕ ಎಲ್ಲ ಬೈಯುತ್ತಾರೆ ಎಂದು ನಗುತ್ತಾ ಹೇಳುತ್ತಿದ್ದ. ಹೊಸದಾಗಿ ಎಲ್ಲೂ ಜಜ್ಜಿರಲಿಲ್ಲ. ಮೂಡಲಪಾಳ್ಯದಿಂದ, ಕೆಂಗೇರಿಯಿಂದ ಲಾರಿಯವರು ಅವನ ಬಂಪರ್ ನೋಡಿ ನನ್ನ ಅಂಗಡಿ ಹುಡುಕಿಕೊಂಡು ಬಂದರು. ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ಡಾಕ್ಟರ ವಿಚಾರ ಎತ್ತಿದರೆ, 'ಈಗ ಕಾಣ್ತದಲ್ಲೋ, ನಿನ್ ಲೈಟು ಇದೆಯಲ್ಲ' ಅನ್ನುತ್ತಿದ್ದ. ಆ ಮಾತು ಕೇಳುವುದಕ್ಕೆ ನನಗೂ ಹಿತವಾಗಿತ್ತು. ಸುಳ್ಳು ಹೇಳುವುದಿಲ್ಲ, ಬಹಳ ಹಿತವಾಗಿತ್ತು.

ಡಿಸೆಂಬರಿನಲ್ಲಿ ಒಂದು ದಿನ, 'ನಿನ್ ಕೈಕೆಲಸ ಮಂಜಲ್ಲಿ ಹೆಂಗಿದೆ ಅಂತ ನೀನೇ ನೋಡು ಬಾ' ಎಂದು ಕರೆದ. ಬೆಳಿಗ್ಗೆ ಐದಕ್ಕೆ ಹೊರಟೆವು. ಕುಣಿಗಲ್ ದಾಟುವಾಗ ಬೆಳಕು ಹರಿಯುತ್ತಿತ್ತು, ಮಂಜು ಇಳಿದಿತ್ತು. ಗೋಡೌನಿನಲ್ಲಿ ನಾನು ತಯಾರಿಸಿದ್ದು ಇದರ ಮುಂದೆ ಮಕ್ಕಳಾಟ. ಮುಂದೊಂದು ಬಸ್ಸು, ಅದರ ಹಿಂದಿನ ಎರಡು ಕೆಂಪು ದೀಪ. ಇವನು ಅದನ್ನೇ ಹಿಡಿದುಕೊಂಡು ಹೋಗುತ್ತಿದ್ದ. ಟಾರಿನ ಅಂಚಿಗೆ ಚಕ್ರ ತಾಗಿ ಗರಗರ ಅಂದರೆ ಸ್ವಲ್ಪ ಬಲಕ್ಕೆ ಎಳೆಯುತ್ತಿದ್ದ. ಕಣ್ಣಿನಿಂದಲ್ಲ, ಕಿವಿಯಿಂದ ಓಡಿಸುತ್ತಿದ್ದ ಎಂದು ಅರ್ಥವಾಗಲು ನನಗೆ ಹತ್ತು ಕಿಲೋಮೀಟರ್ ಬೇಕಾಯಿತು.

ಯಡಿಯೂರು ದಾಟಿದ ಮೇಲೆ ನಾನು ಕೆಮ್ಮಿದೆ. ಕೆಮ್ಮಿನ ಸದ್ದಿನಲ್ಲಿ ಗೇರಿನ ಪಕ್ಕದ ಸ್ವಿಚ್ ಮೆಲ್ಲಗೆ ಒತ್ತಿದೆ. ಪಕ್ಕದ ಎರಡೂ ದೀಪ ಆರಿದವು. ರಸ್ತೆಯ ಎರಡೂ ಅಂಚು ಕಣ್ಮರೆಯಾದವು. ಕೆಳಗಿನ ಹಳದಿ ಮಾತ್ರ ಉಳಿಯಿತು.

ಅವನು ಬೈಯಲಿ ಎಂದು ಕಾದೆ. 'ಸ್ವಿಚ್ ಹಾಕೋ ಕಳ್ಳ' ಅನ್ನಲಿ ಎಂದು ಕಾದೆ. ಒಂದು ಕಿಲೋಮೀಟರ್ ಹೋಯಿತು, ಎರಡು ಹೋಯಿತು.

'ನಿನ್ ಸೈಡ್ ಲೈಟ್ ಇಲ್ದಿದ್ರೆ ಈ ರೋಡಲ್ಲಿ ಯಾವತ್ತೋ ಸತ್ತೋಗಿರ್ತಿದ್ದೆ ಕಣೋ' ಎಂದ ಅವನು, ಖುಷಿಯಾಗಿ.

ನಿಲ್ಲಿಸು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಎಡಗಡೆ, ನನ್ನ ಕಿಟಕಿಯ ಕೆಳಗೇ, ಒಂದು ಸೈಕಲ್ಲು. ಎರಡು ಪಕ್ಕಕ್ಕೆ ಹಾಲಿನ ಕ್ಯಾನು, ತಲೆಗೆ ಟವೆಲ್ ಸುತ್ತಿದ ಮನುಷ್ಯ.

'ಬಲಕ್ಕೆ! ಬಲಕ್ಕೋ!'

ಎಳೆದ. ಲಾರಿಯ ಮೈ ಕ್ಯಾನಿಗೆ ತಾಗಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ದೊಡ್ಡ ಸದ್ದಲ್ಲ. ಅಡಿಗೆ ಮನೆಯಲ್ಲಿ ಪಾತ್ರೆ ಬಿದ್ದಷ್ಟು.

ನಿಂತ ಮೇಲೆ ಹಿಂದಕ್ಕೆ ಓಡಿದೆ. ಕರಿ ಟಾರಿನ ಮೇಲೆ ಹಾಲು ಹರಡಿ ಹರಿಯುತ್ತಿತ್ತು. ಆ ಮನುಷ್ಯ ಚರಂಡಿಯಿಂದ ಎದ್ದು ಕೂತಿದ್ದ. ಮೊಣಕೈ ಸುಲಿದು ರಕ್ತ, ಆದರೆ ಜೀವಂತ. ಹಿಂದೆಯೇ ನನ್ನ ಗೆಳೆಯ ಲಾರಿಯ ಮೈ ಸವರಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಬಂದ.

ಹಾಲಿನವನು ಅವನನ್ನು ನೋಡಿ ಕಿರುಚಿದ: 'ಕಣ್ಣು ಕಾಣಲ್ವೇನೋ ನಿಂಗೆ, ಬೋಳಿಮಗನೆ!'

ರಸ್ತೆಯಲ್ಲಿ ದಿನಕ್ಕೆ ನೂರು ಸಲ ಕೇಳುವ ಬೈಗುಳ. ನನ್ನ ಗೆಳೆಯ ಕೈ ಮುಗಿದು, 'ಇಲ್ಲಪ್ಪಾ, ಕಾಣಲ್ಲ' ಎಂದ.

ಹಾಲಿನವನನ್ನು ಒಂದು ಆಟೋದಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿ, ಅವನ ಊರಿಗೆ ಬಿಟ್ಟು ಬಂದೆವು. ಆಮೇಲೆ ರಸ್ತೆ ಬದಿ ಲಾರಿಯ ನೆರಳಿನಲ್ಲಿ ಕೂತೆವು. ಮಂಜು ಕರಗಿ ಬಿಸಿಲು ಬಂದಿತ್ತು.

'ಲೈಟ್ ಇತ್ತಲ್ಲೋ' ಎಂದ. 'ಆದ್ರೂ ಹೆಂಗೆ ಕಾಣ್ಲಿಲ್ಲ?'

'ಇರ್ಲಿಲ್ಲ. ಯಡಿಯೂರಿಂದ ಆಫ್ ಮಾಡಿದ್ದೆ.'

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ನಾನು ದೀಪ ಆರಿಸದೇ ಇದ್ದಿದ್ದರೆ ಆ ಸೈಕಲ್ಲು ನನಗಾದರೂ ಮೊದಲೇ ಕಾಣುತ್ತಿತ್ತು. ಅದು ನನಗೆ ಗೊತ್ತು, ಅವನಿಗೂ ಗೊತ್ತಿತ್ತು. ಜೇಬಿನಿಂದ ಬೀಗದ ಕೈ ತೆಗೆದು ನನ್ನ ತೊಡೆಯ ಮೇಲಿಟ್ಟ.

'ನಂಗೆ ಕಾಣಲ್ಲ ಅಂತ ಗೋಡೌನಲ್ಲೇ ಹೇಳಿಬಿಟ್ಟಿದ್ರೆ ಆಗ್ತಿತ್ತಲ್ಲೋ' ಎಂದ.

'ನೀನೇ ಬೇಡ ಅಂದೆ.'

'ನಾನು ಬೇಡ ಅಂದೆ. ನಿಂಗೇನಾಗಿತ್ತು?'

ಲಾರಿಯನ್ನು ನಾನೇ ವಾಪಸ್ ಓಡಿಸಿಕೊಂಡು ಬಂದೆ. ಪಕ್ಕದ ಸೀಟಿನಲ್ಲಿ ಕೂತು ಅವನು ಹೆಗ್ಗನಹಳ್ಳಿಯವರೆಗೂ ಬಲಗಾಲಿನಿಂದ ಇಲ್ಲದ ಬ್ರೇಕ್ ತುಳಿಯುತ್ತಿದ್ದ.

ಮರುದಿನವೇ ಬಸವೇಶ್ವರನಗರದ ಅದೇ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಒಳಗೆ ಅವನ ಕಣ್ಣು ನೋಡುತ್ತಿರುವಾಗ ಹೊರಗಿನ ಬೆಂಚಿನಲ್ಲಿ ಅವನ ಹೆಂಡತಿ ನನ್ನ ಪಕ್ಕ ಕೂತಿದ್ದಳು. ಮೊದಲೆಲ್ಲ ನನ್ನ ಕೀಟಲೆಗೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದ ಹೆಂಗಸು.

'ನಾನು ಡ್ರಾಪ್ಸ್ ಹಿಡ್ಕೊಂಡು ಹಿಂದೆ ಹಿಂದೆ ಓಡಾಡ್ತಿದ್ದೆ ಅಣ್ಣ' ಎಂದಳು. 'ವಾರದಲ್ಲಿ ಎರಡು ಮೂರು ದಿನ ಆದ್ರೂ ಹಾಕಿಸ್ಕೊಳ್ಳೋರು. ನೀವು ಲೈಟ್ ಹಾಕ್ಕೊಟ್ಟ ಮೇಲೆ ಪೂರ್ತಿ ಬಿಟ್ರು. ಅವನು ಕಣ್ಣು ಕೊಟ್ಟಿದಾನೆ, ಇನ್ಯಾಕೆ ಅಂದ್ರು.'

ಜೋರಾಗಿ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಆಮೇಲೆ ಇಷ್ಟು ವರ್ಷದಲ್ಲಿ ಅವಳು ನನ್ನ ಹತ್ತಿರ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು.

ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನಲ್ಲಿ ಸೂಜಿಯಷ್ಟು ಉಳಿದಿತ್ತು. ಆಪರೇಷನ್ ಮಾಡಿದರು. ಇದು ಕಾಣುವುದಕ್ಕಲ್ಲ, ಇರುವುದನ್ನು ಹಿಡಿದಿಡುವುದಕ್ಕೆ, ಖಾತ್ರಿ ಕೊಡಲು ಬರುವುದಿಲ್ಲ ಎಂದಿದ್ದರು. ಲಾರಿ ಮಾರಿದ. ಕೊಂಡವನಿಗೆ ಬಂಪರಿನ ದೀಪಗಳೇ ಬಹಳ ಇಷ್ಟವಾಗಿದ್ದವು. ನಾನು ಒಪ್ಪಲಿಲ್ಲ. ಸ್ಪ್ಯಾನರ್ ಹಿಡಿದು ಹೋಗಿ ನಾಲ್ಕನ್ನೂ ಬಿಚ್ಚಿಕೊಂಡು ಬಂದೆ. ಬಂಪರಿನಲ್ಲಿ ನಾಲ್ಕು ತೂತು ಹಾಗೇ ಉಳಿದವು.

ಅವನು ಆಮೇಲೆ ದಿನಾ ನನ್ನ ಅಂಗಡಿಗೆ ಬರತೊಡಗಿದ. ಕೂತರೆ ಸಾಯುತ್ತೇನೆ ಅಂದವನು ಕೂರುವುದಕ್ಕೆ ನನ್ನ ಸ್ಟೂಲನ್ನೇ ಆರಿಸಿಕೊಂಡ. ಅದು ಶಿಕ್ಷೆಯೋ ಸ್ನೇಹವೋ ನಾನು ಕೇಳಲಿಲ್ಲ. ಬೆಳಿಗ್ಗೆ ಮೊಮ್ಮಗಳು ಕೈ ಹಿಡಿದು ತಂದು ಬಿಡುತ್ತಿದ್ದಳು.

ಗಿರಾಕಿಗಳಿಗೆ ಆಡುವ ಆಟ ನಾನು ನಿಲ್ಲಿಸಿದ್ದೆ. ಆದರೆ ಬಿಡುವಿನಲ್ಲಿ ಅವನಿಗೊಬ್ಬನಿಗೇ ಆಡುತ್ತಿದ್ದೆ. ಅವನ ಬಂಪರಿನಿಂದ ಬಿಚ್ಚಿದ ಹಳದಿ ಹ್ಯಾಲೊಜೆನನ್ನು ಹಲಗೆಗೆ ಬಿಗಿದು, ಅವನ ಮುಖದ ಬಲಗಡೆ ಒಂದು ಮೊಳ ದೂರದಲ್ಲಿ ಇಟ್ಟು ಕೇಳುತ್ತಿದ್ದೆ:

'ಹತ್ತಿದೆಯೋ ಇಲ್ವೋ ಹೇಳು.'

ಒಂದು ಕ್ಷಣ ಸುಮ್ಮನಿದ್ದು, 'ಹತ್ತಿದೆ' ಅನ್ನುತ್ತಿದ್ದ. ಆರಿಸಿ ಕೇಳಿದರೆ, ಸ್ವಲ್ಪ ತಡೆದು, 'ಆರ್ಸಿದೀಯ' ಅನ್ನುತ್ತಿದ್ದ. ಒಂದು ಸಲವೂ ತಪ್ಪುತ್ತಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೂ ಹೇಳುತ್ತಿದ್ದನಂತೆ, ನನಗಿನ್ನೂ ಬೆಳಕು ತಿಳಿಯುತ್ತದೆ ಎಂದು. ಆ ಸೂಜಿಯಷ್ಟು ಉಳಿದಿದೆ ಎಂದುಕೊಂಡು ನಾನು ರಾತ್ರಿ ನಿದ್ದೆ ಮಾಡುತ್ತಿದ್ದೆ. ಎಂಟು ಹತ್ತು ತಿಂಗಳು ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಆ ಹಳದಿ ಬಲ್ಬು ಸುಟ್ಟುಹೋಯಿತು. ಕೈಗೆ ಸಿಕ್ಕಿದ್ದು ಅವನ ಲಾರಿಯದೇ ಎಲ್‌ಇಡಿ, ಎಡ ತುದಿಗೆ ಹಾಕಿದ್ದು. ಅದನ್ನೇ ಹಲಗೆಗೆ ಬಿಗಿದೆ. ಅಂಗಡಿಯ ಒಳಗಡೆ, ಶಟರ್ ಅರ್ಧ ಇಳಿಸಿದ್ದ ನೆರಳಿನಲ್ಲಿ, ಅವನ ಮುಖಕ್ಕೆ ನೇರವಾಗಿ ಹಿಡಿದು ಸ್ವಿಚ್ ಒತ್ತಿದೆ.

ಆ ತಣ್ಣನೆಯ ಬಿಳಿ ಬೆಳಕು ಅವನ ಮುಖದ ಒಂದೊಂದು ಗೆರೆಯನ್ನೂ ತೋರಿಸಿತು. ಗಡ್ಡದ ಬಿಳಿ ಮೊಳಕೆ, ಹುಬ್ಬಿನ ಮೇಲಿನ ಹಳೇ ಗಾಯ, ತೆರೆದೇ ಇದ್ದ ಎರಡು ಕಣ್ಣು. ಅವನ ಹಿಂದಿನ ಗೋಡೆಯ ಮೇಲೆ ನೆರಳು ಕಪ್ಪಗೆ ಕೊರೆದ ಹಾಗೆ ಬಿತ್ತು.

'ಹತ್ತಿದೆಯೋ ಇಲ್ವೋ?'

ಅವನು ಎಂದಿನಂತೆ ಒಂದು ಕ್ಷಣ ತಡೆದ. ಕೆನ್ನೆಯನ್ನು ಸ್ವಲ್ಪ ಮುಂದಕ್ಕೆ ತಂದ. ಚಳಿಯಲ್ಲಿ ಬೆಂಕಿಯ ಕಡೆ ಮುಖ ಚಾಚುತ್ತೇವಲ್ಲ, ಹಾಗೆ. ಮತ್ತೂ ಸ್ವಲ್ಪ ತಂದ. ಕೆನ್ನೆ ಗಾಜಿಗೆ ತಾಗುವಷ್ಟು ಹತ್ತಿರ ಬಂತು.

ಆಮೇಲೆ ಅವನ ಮುಖ ಅರಳಿತು. ಇಷ್ಟು ದಿನದ ಮೇಲೆ ನನ್ನನ್ನು ಹಿಡಿದುಹಾಕಿದ ಖುಷಿ.

'ಸ್ವಿಚ್ ಹಾಕೋ ಕಳ್ಳ' ಎಂದ.

ನಾನು ಕೆಮ್ಮಿದೆ. ಕೆಮ್ಮಿನ ಸದ್ದಿನಲ್ಲಿ ದೀಪ ಆರಿಸಿದೆ.

'ಸಿಕ್ಕಿಹಾಕ್ಕೊಂಡೆ ಕಣೋ' ಎಂದೆ. 'ಬಾ, ಟೀ ನಂದು.'